ಡ್ರೋನ್ ಸಾಕ್ಷಿಯಾಗಿ

ಡೊಂಬಿವಲಿಯ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಮತ್ತೊಂದು ಕರೆಯೋಲೆ ಬಂದಿದೆ. ‘ಅಪ್ಪಟ ಸಾಂಪ್ರದಾಯಿಕ ವಿವಾಹ’ ಅಂತೆ. ಅದರ ಕೆಳಗೇ, ಹಲ್ದಿಗೆ ಎಲ್ಲರೂ ಹಳದಿ ಬಟ್ಟೆಯಲ್ಲೇ ಬರಬೇಕು ಅಂತ ಅಪ್ಪಣೆ. ಊರಲ್ಲಿ ಅರಿಶಿನ ಹಚ್ಚುವಾಗ ಉಡುತ್ತಿದ್ದದ್ದು ಕಲೆಯಾದರೂ ಬೇಜಾರಿಲ್ಲ ಅನ್ನುವಂಥ ಹಳೇ ಸೀರೆ. ಈಗ ಹೊಸ ಕುರ್ತಾ ಹೊಲಿಸಬೇಕು, ಅದಕ್ಕೆ ಅರಿಶಿನ ತಾಗದ ಹಾಗೆ ನೋಡಿಕೊಳ್ಳಲೂಬೇಕು.

ಹೋದ ತಿಂಗಳು ಮಾಟುಂಗಾದ ಮದುವೆಯಲ್ಲಿ ಫೋಟೋದವನು ‘ಭಟ್ರೇ, ಒಂದ್ನಿಮಿಷ’ ಅಂದ. ಮಂತ್ರ ನಿಂತಿತು. ವರ ಎರಡನೇ ಗಂಟು ಹಿಡಿದುಕೊಂಡೇ ಕ್ಯಾಮೆರಾ ಕಡೆ ನಕ್ಕ. ಹಾಲ್ ಒಳಗೇ ಹಾರುತ್ತಿದ್ದ ಡ್ರೋನಿನ ಗಾಳಿಗೆ ನಾನೆಸೆದ ಅಕ್ಷತೆ ವಾಪಸ್ ನನ್ನ ತಲೆಗೇ ಬಿತ್ತು. ನನಗಿದು ಎರಡನೇ ಮದುವೆ ಅಂತ ಹೆಂಡತಿ ಇನ್ನೂ ಛೇಡಿಸುತ್ತಾಳೆ.

ಪಕ್ಕದಲ್ಲಿದ್ದ ದೊಡ್ಡಪ್ಪ ನಿಟ್ಟುಸಿರು ಬಿಟ್ಟರು. ‘ಈ ಲವ್ ಮ್ಯಾರೇಜು ಬಂದು ಸಂಪ್ರದಾಯ ಎಲ್ಲ ಹಾಳಾಯ್ತು ಮಾರಾಯ.’ ಯಾವ ಸಂಪ್ರದಾಯ ದೊಡ್ಡಪ್ಪ? ಮನುಸ್ಮೃತಿಯ ಎಂಟು ಬಗೆಯ ಮದುವೆಗಳಲ್ಲಿ ಇಬ್ಬರೂ ಮೆಚ್ಚಿ ಕೂಡುವ ಗಾಂಧರ್ವವೂ ಇದೆ. ಅಳುವ ಹುಡುಗಿಯನ್ನು ಹೊತ್ತೊಯ್ಯುವ ರಾಕ್ಷಸವೂ ಇದೆ. ಆರಿಸಿಕೊಳ್ಳಿ.

1891ರಲ್ಲಿ ಪುಣೆಯಲ್ಲಿ ಸಂಪ್ರದಾಯದ ಪರ ಲೋಕಮಾನ್ಯ ತಿಲಕರಂಥವರೇ ಎದ್ದು ನಿಂತಿದ್ದರು. ದೈಹಿಕ ಸಂಬಂಧಕ್ಕೆ ಹೆಣ್ಣುಮಕ್ಕಳ ಸಮ್ಮತಿಯ ವಯಸ್ಸನ್ನು 10ರಿಂದ 12ಕ್ಕೆ ಏರಿಸುವ ಕಾನೂನು ಬಂದಿತ್ತು. ನಮ್ಮ ಆಚಾರದಲ್ಲಿ ಸರ್ಕಾರ ಕೈಹಾಕಬಾರದು ಅನ್ನುವುದು ವಾದ. ಹತ್ತು ವರ್ಷದ ಹುಡುಗಿ ರೀ!

ಇದೇ ಮುಂಬೈಯ ರುಖ್ಮಾಬಾಯಿಗೆ 11ಕ್ಕೇ ಮದುವೆ ಮಾಡಿದ್ದರು. ಬೆಳೆದ ಮೇಲೆ ಆಕೆ ಗಂಡನ ಮನೆಗೆ ಹೋಗಲ್ಲ ಅಂದಳು. ಹೋಗು, ಇಲ್ಲವೇ ಆರು ತಿಂಗಳು ಜೈಲು ಅಂತ 1887ರಲ್ಲಿ ಕೋರ್ಟು ಹೇಳಿತು. ಜೈಲೇ ವಾಸಿ ಅಂದಳು. ಮರುವರ್ಷ ಗಂಡ 2000 ರೂಪಾಯಿ ತಗೊಂಡು ಬಿಟ್ಟುಕೊಟ್ಟ. ಆಕೆ ಲಂಡನ್ನಿಗೆ ಹೋಗಿ ಓದಿ ಡಾಕ್ಟರಾದಳು. 2000ಕ್ಕೆ ಈಗ ಡ್ರೋನಿನವನು ಫೋನೂ ಎತ್ತಲ್ಲ.

ನಮ್ಮಜ್ಜಿ, ಅಂದರೆ ದೊಡ್ಡಪ್ಪನ ಅಮ್ಮ, ಧಾರೆಗೆ ಕೂತಾಗ ನಿದ್ದೆ ತೂಗುತ್ತಿದ್ದಳಂತೆ. ಅಜ್ಜನಿಗೆ ಮೊದಲ ಹೆಂಡತಿ ಇನ್ನೂ ಇದ್ದಳು. 1955ರ ಹಿಂದೂ ವಿವಾಹ ಕಾಯ್ದೆ ಬರುವವರೆಗೆ ಅದೂ ಸಂಪ್ರದಾಯವೇ. ಎಲ್ಲ ಬಿಟ್ಟೆವು, 1961ರಲ್ಲೇ ಅಪರಾಧವಾದ ವರದಕ್ಷಿಣೆಯೊಂದನ್ನು ಬಿಟ್ಟು. ‘ನಿಮ್ಮ ಮಗಳಿಗೆ ಏನು ಕೊಡ್ತೀರೋ ನಿಮ್ಮಿಷ್ಟ’ ಅನ್ನುವ ಆ ನಯವಾದ ಮಾತು ಕೇಳಿ ಕೇಳಿ ನನಗೆ ಸುಸ್ತಾಗಿದೆ. ಹೆಣ್ಣಿನ ಅಪ್ಪ ಸಾಲಕ್ಕೆ ಸಹಿ ಹಾಕುವಾಗ ಯಾವ ಡ್ರೋನೂ ಹಾರಲ್ಲ.

ಇವತ್ತು ಬೆಳಿಗ್ಗೆ ದೊಡ್ಡಪ್ಪ ಫೋನ್ ಮಾಡಿದ್ದರು. ‘ದಾದರ್ ಕಡೆ ಹೋದ್ರೆ ನಂಗೂ ಒಂದು ಹಳದಿ ಕುರ್ತಾ ತಾ. ಹೊಟ್ಟೆ ಹತ್ರ ಸ್ವಲ್ಪ ಲೂಸ್ ಇರ್ಲಿ.’