ವೊಡೂನ್ ಅಂದ್ರೆ ಸೂಜಿ ಚುಚ್ಚುವ ಮಾಟ ಅಲ್ಲ

'ಆಫ್ರಿಕಾದ ವೂಡೂ ಅಂದ್ರೆ ಗೊಂಬೆಗೆ ಸೂಜಿ ಚುಚ್ಚಿ ಶತ್ರುವನ್ನು ಕೊಲ್ಲುವ ಮಾಟ' ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ಇದು ತಪ್ಪು.

ಪಶ್ಚಿಮ ಆಫ್ರಿಕಾದ ಬೆನಿನ್‌ನಲ್ಲಿ ವೂಡೂ ಎಂಬ ಹೆಸರಿನ ಮೂಲವಾದ ವೊಡೂನ್ ಒಂದು ಧರ್ಮ. 1990ರ ದಶಕದಿಂದ ಅದರ ಹಬ್ಬಕ್ಕೆ ಜನವರಿಯಲ್ಲಿ ಸರ್ಕಾರಿ ರಜೆಯೂ ಇದೆ. ಅಲ್ಲಿನ ಫೋನ್ (Fon) ಎಂಬ ಜನಾಂಗದವರಿಗೆ ಮಾವು-ಲೀಸಾ ಸೃಷ್ಟಿಯ ಜೋಡಿ ದೇವರು, ಹೆವಿಯೋಸೊ ಗುಡುಗಿನ ದೇವರು. ಸಕ್ಪಾಟಾ ಭೂಮಿಗೂ ಸಿಡುಬಿಗೂ ಒಡೆಯ. ರೋಗ ತರುವವನೂ ಅವನೇ, ವಾಸಿ ಮಾಡುವವನೂ ಅವನೇ. ಎಷ್ಟು ಆಳವಾದ ನಂಬಿಕೆ ಅಲ್ವಾ? ಲೆಗ್ಬಾ ದೇವರುಗಳಿಗೂ ಮನುಷ್ಯರಿಗೂ ನಡುವಿನ ದೂತ. ಪೂಜೆಯಲ್ಲಿ ಮೊದಲು ಅವನನ್ನೇ ಕರೆಯುತ್ತಾರೆ.

ಗೊಂಬೆಗೆ ಚುಚ್ಚುವ ಮಾಟ ಯುರೋಪಿನಲ್ಲೂ ಹಿಂದಿನಿಂದ ಇತ್ತು. ಅದನ್ನು ವೂಡೂಗೆ ಅಂಟಿಸಿ ಜಾಸ್ತಿ ಹಬ್ಬಿಸಿದ್ದು ಹಾಲಿವುಡ್ ಸಿನಿಮಾಗಳು. ಮೊಳೆ ಹೊಡೆದ ಮರದ ಮೂರ್ತಿಗಳೇನೋ ಕಾಂಗೋ ಪ್ರದೇಶದಲ್ಲಿವೆ. ಆದರೆ ಅಲ್ಲಿ ಆಣೆ, ಒಪ್ಪಂದ, ವ್ಯಾಜ್ಯದ ತೀರ್ಮಾನಕ್ಕೂ ಮೊಳೆ ಹೊಡೆಯುತ್ತಿದ್ದರು.