ಕಾಗದರಹಿತ ಪೀಣ್ಯದ ಜೆರಾಕ್ಸ್ ಅಂಗಡಿ

ಪೀಣ್ಯ ಎರಡನೇ ಹಂತದಲ್ಲಿ ಮೂರು ಲೇತ್ ಮತ್ತು ಸಾಲದ ಒಂದು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರ ಇಟ್ಟುಕೊಂಡಿರುವ ನನ್ನ ಪರಿಚಯದವರೊಬ್ಬರ ಶೆಡ್ಡಿನಲ್ಲಿ, ಗಣಪತಿಯ ಪಟದ ಪಕ್ಕದಲ್ಲೇ, ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿಯ ಪ್ರಮಾಣಪತ್ರಕ್ಕೂ ಕಟ್ಟು ಹಾಕಿಸಿ ತೂಗುಹಾಕಿದ್ದಾರೆ. 2020ರ ಜುಲೈ 1ರಿಂದ ಜಾರಿಯಲ್ಲಿರುವ ಈ ನೋಂದಣಿಗೆ ಶುಲ್ಕವಿಲ್ಲ, ದಾಖಲೆ ಲಗತ್ತಿಸಬೇಕಿಲ್ಲ, ಕಾಗದದ ಹಂಗೇ ಇಲ್ಲ. ಆದ್ದರಿಂದಲೇ ಸಾಲ ಕೇಳಲು ಹೋದಾಗ ಬ್ಯಾಂಕಿನವರು ಅದರ ಮೂರು ಜೆರಾಕ್ಸ್ ಪ್ರತಿಗಳನ್ನು, ಹಾಳೆಗೊಂದು ಸಹಿ ಮತ್ತು ಮೊಹರಿನೊಂದಿಗೆ, ತರಲು ಹೇಳಿದರು. ಕ್ಯುಆರ್ ಕೋಡು ಮಸುಕಾಗಿದೆಯೆಂದು ನಾಲ್ಕನೆಯದನ್ನೂ ಮಾಡಿಸಿದರು. ಆ ಕೋಡನ್ನು ಸ್ಕ್ಯಾನ್ ಮಾಡುವ ಗೋಜಿಗೆ ಮಾತ್ರ ಯಾರೂ ಹೋಗಲಿಲ್ಲ.

ಅನಂತರ ಅವರನ್ನು ನಾಲ್ಕನೇ ಕೈಗಾರಿಕಾ ಕ್ರಾಂತಿಯ ಕಾರ್ಯಾಗಾರಕ್ಕೆ ಆಹ್ವಾನಿಸಲಾಯಿತು. ಲೇತಿಗೆ ಸೆನ್ಸರ್ ಕೂರಿಸಿದರೆ, ಯಂತ್ರ ನಿಂತ ಮರುಗಳಿಗೆಯೇ ಮಾಲೀಕರ ಮೊಬೈಲಿಗೆ ಸಂದೇಶ ಬರುವುದೆಂದು ಸಲಹೆಗಾರರು ವಿವರಿಸಿದರು. ಹತ್ತಡಿ ದೂರದಲ್ಲಿ ಕೂತವರಿಗೆ ಯಂತ್ರ ನಿಂತದ್ದು ಕಿವಿಗೇ ತಿಳಿಯುತ್ತದೆ, ನಿಂತದ್ದು ಕರೆಂಟ್ ಹೋಗಿದ್ದರಿಂದ ಎಂಬುದೂ ತಿಳಿಯುತ್ತದೆ. ಆದರೂ ಕ್ರಾಂತಿಗೆ ತಮ್ಮ ಪಾಲಿರಲೆಂದು ಅವರು ಬೆರಳಚ್ಚಿನ ಹಾಜರಿ ಯಂತ್ರವೊಂದನ್ನು ತಂದರು. ಇಪ್ಪತ್ತು ವರ್ಷ ಕಬ್ಬಿಣ ಹಿಡಿದು ರೇಖೆ ಸವೆದಿರುವ ಟರ್ನರ್‌ನ ಬೆರಳನ್ನು ಅದು ಗುರುತಿಸಲೊಲ್ಲದು. ಆತ ಅಂಗೈಗೆ ಮೆತ್ತಿದ, ಯಂತ್ರ ತಂಪಾಗಿಸುವ ಕೂಲಂಟ್ ದ್ರವವನ್ನು ಬನಿಯನ್ ತುಂಡಿಗೆ ಒರೆಸಿ, ಮತ್ತೆ ಮತ್ತೆ ಒತ್ತಿ, ಕೊನೆಗೆ ಹಳೆಯ ಪುಸ್ತಕದಲ್ಲಿ ಸಹಿ ಮಾಡುತ್ತಾನೆ. ಓದು ಬಾರದವರು ಹೆಬ್ಬೆಟ್ಟು ಒತ್ತುತ್ತಿದ್ದ ಕಾಲದಿಂದ, ಐಟಿಐ ಪಾಸಾದವನೂ ಹೆಬ್ಬೆಟ್ಟು ಒತ್ತಬೇಕಾದ ಕಾಲಕ್ಕೆ ನಾವು ಬಂದಿರುವುದು ಸಣ್ಣ ಪ್ರಗತಿಯೇನಲ್ಲ.

ಐವತ್ತು ಸಾವಿರ ರೂಪಾಯಿ ಮೀರಿದ ಮಾಲು ಹೊರಟರೆ ಅದರ ಸಾಗಣೆಗೆ ಬೇಕಾದ ಜಿಎಸ್‌ಟಿಯ ಇ-ವೇ ಬಿಲ್ಲು ಕ್ಷಣಾರ್ಧದಲ್ಲಿ ಸಿದ್ಧವಾಗುತ್ತದೆ. ದುಡ್ಡಿಗೆ ಮಾತ್ರ ಆ ವೇಗ ಇನ್ನೂ ಒಲಿದಿಲ್ಲ. ಸಣ್ಣ ಘಟಕಗಳಿಗೆ 45 ದಿನಗಳೊಳಗೆ ಹಣ ಕೊಡಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕೆಂದು 2006ರ ಕಾಯಿದೆಯೇ ಹೇಳುತ್ತದೆ. ದೂರು ಕೊಡಲು 2017ರಲ್ಲಿ ಸಮಾಧಾನ್ ಎಂಬ ಪೋರ್ಟಲ್ಲೂ ಬಂತು. ಹೆಸರಿಟ್ಟವರು ದೂರದೃಷ್ಟಿಯುಳ್ಳವರು. ದೂರಿತ್ತರೆ ಮುಂದಿನ ಆರ್ಡರ್ ಕೈತಪ್ಪುವುದೆಂದು ಬಲ್ಲ ನಮ್ಮವರು, ಪೋರ್ಟಲ್ ತೆರೆಯದೆಯೇ ಸಮಾಧಾನ ತಂದುಕೊಂಡಿದ್ದಾರೆ.

ಬಿಲ್ ಕೊಟ್ಟ ನೂರಿಪ್ಪತ್ತನೆಯ ದಿನ ಅವರು ದೊಡ್ಡ ಕಂಪನಿಯ ಲೆಕ್ಕಪತ್ರ ವಿಭಾಗಕ್ಕೆ ಫೋನ್ ಮಾಡಿದಾಗ ನಾನು ಎದುರಿಗೇ ಇದ್ದೆ. “ಸಿಸ್ಟಮ್‌ನಲ್ಲಿ ನಿಮ್ಮ ಬಿಲ್ ತೋರಿಸ್ತಾ ಇಲ್ಲ ಸರ್, ಒಂದು ಜೆರಾಕ್ಸ್ ತಂದುಕೊಟ್ಟುಬಿಡಿ” ಎಂಬ ಉತ್ತರ ನನಗೂ ಕೇಳಿಸಿತು. ಇಬ್ಬರೂ ಮೂಲೆಯ ಜೆರಾಕ್ಸ್ ಅಂಗಡಿಗೆ ಹೋದೆವು. ಅಂಗಡಿಯವರು ಎರಡನೇ ಯಂತ್ರ ತಂದಿದ್ದರು, ರೊಕ್ಕ ಕೊಟ್ಟು, ಸಾಲವಿಲ್ಲದೆ.