ಆ ಟ್ಯಾಂಕರಿಗೂ ಒಂದು ಹೆಸರಿತ್ತು

ನಿನ್ನೆ ಸಂಜೆ ಎರಡನೇ ಮಹಾಯುದ್ಧದ ನೌಕಾಪಡೆಯ ಬಗ್ಗೆ ಒಂದು ಉಪನ್ಯಾಸ ಕೇಳಲು ಹೋಗಿದ್ದೆ. ಬ್ರಿಟಿಷರ ಕಾಲದ ನಮ್ಮ ನೌಕಾಪಡೆಯ ಎಚ್‌ಎಂಐಎಸ್ ಬೆಂಗಾಲ್ ಎಂಬ ಪುಟ್ಟ ಯುದ್ಧನೌಕೆಯ ಕಥೆಯೇ ಮುಕ್ಕಾಲು ಗಂಟೆ ನಡೆಯಿತು. ಅದರ ಜೊತೆಗಿದ್ದ ಹಡಗನ್ನು ಮಾತ್ರ ಭಾಷಣಕಾರರು ಕೊನೆಯವರೆಗೂ "ಒಂದು ಎಣ್ಣೆ ಟ್ಯಾಂಕರ್" ಎಂದೇ ಕರೆದರು. ಹೆಸರು ಹೇಳಲೇ ಇಲ್ಲ ಮಾರಾಯ್ರೆ! ರಾತ್ರಿ ನಿದ್ದೆ ಹತ್ತಲಿಲ್ಲ.

ಅದರ ಹೆಸರು ಒಂಡಿನಾ. 1939ರಲ್ಲಿ ಕಟ್ಟಿದ ಡಚ್ ಟ್ಯಾಂಕರ್, ಸುಮಾರು 6,300 ಟನ್ನಿನದು, ಶೆಲ್ ಎಣ್ಣೆ ಕಂಪನಿಯ ಬಳಗಕ್ಕೆ ಸೇರಿದ್ದು. ಎಣ್ಣೆ ಹೊರುವುದಷ್ಟೇ ಅದರ ಕಸುಬು. ಯುದ್ಧ ಬಂತೆಂದು ಹಿಂಬದಿಗೆ ನಾಲ್ಕು ಇಂಚಿನ ಒಂದೇ ಒಂದು ತೋಪು ಕೂರಿಸಿದ್ದರು. ಗುಂಡುಗಳು ಬರೀ 32.

1942ರ ನವೆಂಬರ್ 11. ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್ ಬಂದರಿನಿಂದ ಡಿಯೆಗೊ ಗಾರ್ಸಿಯಾ ದ್ವೀಪದ ಕಡೆಗೆ ಹೊರಟಿದ್ದ ಈ ಎರಡು ಹಡಗುಗಳಿಗೆ ಹಿಂದೂ ಮಹಾಸಾಗರದಲ್ಲಿ ಜಪಾನಿನ ದಾಳಿ ಹಡಗುಗಳಾದ ಹೊಕೊಕು ಮಾರು, ಐಕೊಕು ಮಾರು ಎದುರಾದವು. ಒಂದೊಂದೂ ಹತ್ತು ಸಾವಿರ ಟನ್ ದಾಟಿದ್ದು. ಅದೇ ವರ್ಷ ಮೇ ತಿಂಗಳಲ್ಲಿ ಈ ಜೋಡಿ ಗೆನೋಟಾ ಎಂಬ ಇನ್ನೊಂದು ಡಚ್ ಟ್ಯಾಂಕರನ್ನು ಹಿಡಿದು, ತಮ್ಮ ನೌಕಾಪಡೆಗೆ ಎಣ್ಣೆ ಹೊರಿಸಲು ಒಯ್ದಿತ್ತು.

ಬೆಂಗಾಲ್‌ನವರ ಧೈರ್ಯವನ್ನು ನಾನು ಕಡಿಮೆ ಮಾಡುತ್ತಿಲ್ಲ. ಟ್ಯಾಂಕರಿಗೆ ಪಾರಾಗಲು ಹೇಳಿ, ಆ ಪುಟ್ಟ ಹಡಗು ತಾನೇ ಶತ್ರುವಿನತ್ತ ನುಗ್ಗಿತು. ಆದರೆ ಒಂಡಿನಾ ಓಡಿಹೋಗಲಿಲ್ಲ. ತನ್ನ ವೇಗದಲ್ಲಿ ತಪ್ಪಿಸಿಕೊಳ್ಳಲಾಗದು ಎಂದು ಕ್ಯಾಪ್ಟನ್ ವಿಲ್ಲೆಮ್ ಹೋರ್ಸ್‌ಮನ್‌ಗೆ ಗೊತ್ತಿತ್ತು. ಆ ಒಂದೇ ತೋಪಿನಿಂದ ಹೊಡೆಯುತ್ತಾ ನಿಂತರು. ಹೊಕೊಕು ಮಾರು ಸ್ಫೋಟಿಸಿ ಮುಳುಗಿತು.

ಆ ಗುಂಡು ಬೆಂಗಾಲ್‌ನದೋ ಒಂಡಿನಾದ್ದೋ ಎಂಬ ಜಗಳ ಇದೆ, ಗೊತ್ತು. ಯಾರದ್ದೇ ಆಗಲಿ, ಹೆಸರು ಹೇಳುವುದಕ್ಕೆ ಅದೇನು ಅಡ್ಡಿ? ಪಕ್ಕದಲ್ಲಿ ಕೂತಿದ್ದವರೊಬ್ಬರು "ಅದು ಪರದೇಶದ ಹಡಗಲ್ವಾ" ಎಂದರು. ಬೆಂಗಾಲ್ ಅನ್ನು ಕಟ್ಟಿದ್ದೂ ಸಿಡ್ನಿಯಲ್ಲಿ, ಸ್ವಾಮಿ.

ಮುಂದಿನದ್ದನ್ನಂತೂ ಭಾಷಣಕಾರರು ಹೇಳಲೇ ಇಲ್ಲ. ಒಂಡಿನಾದ ಗುಂಡುಗಳು ಖಾಲಿಯಾದವು. ಹಡಗು ನಡೆಸುವ ಜಾಗವಾದ ಬ್ರಿಡ್ಜ್‌ಗೆ ಶತ್ರುವಿನ ಗುಂಡು ಬಿದ್ದು ಹೋರ್ಸ್‌ಮನ್ ಸತ್ತರು. ಉಳಿದವರು ಲೈಫ್‌ಬೋಟ್ ಇಳಿಸಿದರು. ಐಕೊಕು ಮಾರು ಟ್ಯಾಂಕರಿಗೆ ಎರಡು ಟಾರ್ಪಿಡೊ ಹೊಡೆದು, ದೋಣಿಗಳಲ್ಲಿದ್ದವರ ಮೇಲೂ ಮಷಿನ್‌ಗನ್ ಹರಿಸಿತು. ಇನ್ನೇನು ಮುಳುಗುತ್ತದೆ ಎಂದುಕೊಂಡು ಹೊರಟುಹೋಯಿತು. ಮುಳುಗಲಿಲ್ಲ. ದೋಣಿಯಲ್ಲಿದ್ದ ಡಚ್ಚರೂ ಚೀನೀ ನಾವಿಕರೂ ವಾಲಿ ಉರಿಯುತ್ತಿದ್ದ ಆ ಹಡಗಿಗೇ ಮತ್ತೆ ಹತ್ತಿದರು!

ನಾನು ಟ್ಯಾಂಕರಿನಲ್ಲಿ ಪಂಪ್‌ಮ್ಯಾನ್ ಆಗಿದ್ದವನು, ನಿಮಗೆಲ್ಲ ಗೊತ್ತು. ಟ್ಯಾಂಕರಿನ ಹೊಟ್ಟೆ ಒಂದೇ ದೊಡ್ಡ ಹಂಡೆಯಲ್ಲ, ಗೋಡೆ ಗೋಡೆಯಾಗಿ ಹತ್ತಾರು ಟ್ಯಾಂಕುಗಳು. ಒಂದೆರಡು ಒಡೆದರೂ ಉಳಿದವು ಎತ್ತಿ ಹಿಡಿಯುತ್ತವೆ. ಒಂದು ಬದಿಗೆ ವಾಲಿದರೆ ಇನ್ನೊಂದು ಬದಿಯ ಟ್ಯಾಂಕಿಗೆ ನೀರು ಬಿಟ್ಟು ನೆಟ್ಟಗೆ ಮಾಡಬೇಕು. ಅವರು ಮಾಡಿದ್ದೂ ಅದನ್ನೇ. ಬಂದರಿನಲ್ಲಿ ನಿಂತ ಹಡಗಿನಲ್ಲಿ ಆ ವಾಲ್ವ್ ತಿರುಗಿಸುವಾಗಲೂ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಅವರು ಬೆಂಕಿ ಆರಿಸಿದರು, ಇಂಜಿನ್ ಚಾಲೂ ಮಾಡಿದರು, ವಾರದ ಬಳಿಕ ನವೆಂಬರ್ 18ಕ್ಕೆ ಫ್ರೀಮ್ಯಾಂಟಲ್ ಮುಟ್ಟಿದರು. ಅಷ್ಟರಲ್ಲಿ ದೂರ ಹೋಗಿದ್ದ ಬೆಂಗಾಲ್‌ನವರು ಒಂಡಿನಾ ಮುಳುಗಿತೆಂದೇ ತಿಳಿದಿದ್ದರು.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ಮದುವೆ ಮನೆಗಳಲ್ಲಿ ಯಾರಾದರೂ "ನೇವಿಯಲ್ಲಿದ್ರಾ?" ಎಂದು ಕೇಳಿದರೆ ಎಷ್ಟೋ ಸಲ ಹೌದೆಂಬಂತೆ ತಲೆಯಾಡಿಸಿದ್ದೇನೆ. ಟ್ಯಾಂಕರ್ ಎಂದ ಕೂಡಲೇ ಅವರ ಮುಖದ ಬೆಳಕು ಆರುವುದನ್ನು ನೋಡಿ ನೋಡಿ ಸಾಕಾಗಿತ್ತು. ಹಾಗೆ ತಲೆಯಾಡಿಸಿದ್ದಕ್ಕೆ ನನಗೆ ಈಗಲೂ ನಾಚಿಕೆಯಿದೆ. ನಿನ್ನೆಯ ಸಿಟ್ಟಿನಲ್ಲಿ ಅದರದ್ದೂ ಪಾಲಿದೆ.

ಒಂಡಿನಾ ಆಮೇಲೆ ಆಸ್ಟ್ರೇಲಿಯಾದ ಎಕ್ಸ್‌ಮೌತ್ ಕೊಲ್ಲಿಯಲ್ಲಿ ಅಮೆರಿಕದ ಜಲಾಂತರ್ಗಾಮಿಗಳಿಗೆ ಎಣ್ಣೆ ತುಂಬಿಸಿತು. ಯುದ್ಧ ಮುಗಿದು ಎಷ್ಟೋ ವರ್ಷದ ಮೇಲೆ, 1959ರಲ್ಲಿ, ಹಾಂಗ್‌ಕಾಂಗ್‌ನಲ್ಲಿ ಒಡೆದು ಗುಜರಿಗೆ ಹಾಕಿದರು.

ಪ್ರಶ್ನೆ ಕೇಳಿ ಎಂದಾಗ ನಿನ್ನೆ ನಾನು ಎದ್ದು ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಮುಂದಿನ ತಿಂಗಳು ಇದೇ ಉಪನ್ಯಾಸ ಇನ್ನೊಂದು ಕಡೆ ಇದೆಯಂತೆ. ಮೊದಲ ಸಾಲಿನಲ್ಲಿ ಕೂರುತ್ತೇನೆ.